ನೆಲದಡಿಯ ತಂತಿ

ಶಹಾಪುರದಲ್ಲಿ ಆ ಕೆಲಸಕ್ಕೆ ಯಾರೂ ಒಪ್ಪಲಿಲ್ಲ. ಮೊದಲು ಬಂದ ಟೈಲ್ಸ್ ಮಿಸ್ತ್ರಿ ನಕ್ಕುಬಿಟ್ಟ. "ನಮ್ಮ ಸೀಮ್ಯಾಗ ನೆಲಕ್ಕ ಬಿಸಿ ಮಾಡ್ತಾರೇನ್ರಿ? ಬ್ಯಾಸಗ್ಯಾಗ ಬರಿಗಾಲಿಲೆ ಅಂಗಳಕ್ಕ ಇಳಿಯಾಕ ಆಗೂದಿಲ್ಲ!" ಎರಡನೆಯವನು ನಗಲಿಲ್ಲ. ಟೈಲ್ಸಿನ ಕೆಳಗೆ ಕರೆಂಟಿನ ತಂತಿ ಇರುತ್ತದೆ ಎಂದು ಕೇಳಿದ ಕೂಡಲೇ ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು ಹೊರಟ.

ಸೌಭಾಗ್ಯ ದೋರನಹಳ್ಳಿಯ ಶಾಲೆಯಲ್ಲಿ ಟೀಚರು. ಗಂಡ ಬಸವಕುಮಾರ ಸುಟ್ಟ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ಮೂರು ವರ್ಷದ ಹಿಂದೆ ನೀರಿನ ಟಾಕಿಯ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ ಎರಡು ಕೈ ಊರಿ ನೆಲದ ಮೇಲೆ ಸರಿದಾಡುವುದನ್ನು ಕಲಿತ. ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡ. ಚಳಿಗಾಲದ ಮುಂಜಾವು ಮಾತ್ರ ಅವನ ಕೈ ಮೀರುತ್ತಿತ್ತು. ನೆಲದ ಫರಸಿ ಕಲ್ಲಿನ ತಂಪು ತಾಗಿದರೆ ಸಾಕು, ಸತ್ತಂತಿದ್ದ ಕಾಲುಗಳು ತಾವಾಗಿಯೇ ಸೆಟೆದು ಜಗ್ಗಿ ಅವನನ್ನು ಒಂದು ಕಡೆ ಕೆಡವುತ್ತಿದ್ದವು. ಹೋದ ವರ್ಷ ಹಾಗೆ ಬಿದ್ದು ಹುಬ್ಬು ಒಡೆದುಕೊಂಡಿದ್ದ. ಜಮಖಾನೆ ಹಾಸಿದರೆ ಸರಿಯಲು ಬರುತ್ತಿರಲಿಲ್ಲ. ಕೊನೆಗೆ ಅವನೇ ಓದಿ, ವಿಚಾರಿಸಿ, ನೆಲದಡಿ ಹಾಸುವ ಬಿಸಿ ತಂತಿಯನ್ನು ಹೈದರಾಬಾದಿನಿಂದ ತರಿಸಿದ. ಅದರ ಮೇಲೆ ಟೈಲ್ಸ್ ಕೂರಿಸುವವರೇ ಸಿಗಲಿಲ್ಲ.

ಸುರಪುರದ ಯಾಕೂಬಸಾಬರ ಹೆಸರು ಹೇಳಿದ್ದು ಶಾಲೆಯ ಅಡುಗೆಯವಳು. ಅರವತ್ತು ದಾಟಿದ ಆ ಮಿಸ್ತ್ರಿ ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಉರುಳುವುದಿಲ್ಲ ಎಂದಳು. ಸೌಭಾಗ್ಯ ಭಾನುವಾರ ಬಸ್ಸು ಹಿಡಿದು ಹೋದಳು.

ಯಾಕೂಬಸಾಬ ಪೂರ್ತಿ ಕೇಳಿಸಿಕೊಂಡರು. "ತಂತಿ ಇದ್ದಲ್ಲಿ ನಾ ಕೈ ಹಾಕೂದಿಲ್ರಿ, ಟೀಚರ. ಬ್ಯಾರೆ ಯಾರನ್ನರ ನೋಡ್ಕೋರಿ" ಎಂದು ಎದ್ದು ಒಳಗೆ ಹೋದರು.

ಕಾರಣ ಹೇಳಿದವರು ಅವರ ಹೆಂಡತಿ ಶರೀಫಾಬೀ. ಮಗ ಮುಷರಫ ಅಪ್ಪನ ಜೋಡಿಯೇ ಕೆಲಸ ಮಾಡುತ್ತಿದ್ದ. ಏಳು ವರ್ಷದ ಹಿಂದೆ ಯಾದಗಿರಿಯ ಒಂದು ಹೊಸ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಬಚ್ಚಲಿನ ಗೋಡೆಗೆ ಟೈಲ್ಸ್ ಹಚ್ಚಿದ್ದರು. ಮರುದಿನ ಗೋಡೆ ತೊಳೆಯಲು ಹೋದ ಹುಡುಗ ನಲ್ಲಿ ಹಿಡಿದಲ್ಲೇ ಕರೆಂಟು ಹೊಡೆದು ಸತ್ತುಬಿದ್ದ. ಗೋಡೆಯೊಳಗಿನ ಕರೆಂಟಿನ ತಂತಿಗೆ ಎಲ್ಲೋ ಗಾಯವಾಗಿತ್ತು. "ವೈರಿಂಗ್ ಮಾಡಿದಂವ ದುರಗಪ್ಪ ಅಂತ. ಇವ್ರು ಮಂದಿ ಮುಂದ ಅವನ ಕೊರಳಪಟ್ಟಿ ಹಿಡಿದ್ರವ್ವಾ. ಆಮ್ಯಾಲ ಅವನ್ನ ಯಾರೂ ಕೆಲಸಕ್ಕ ಕರೀಲಿಲ್ಲ. ಊರು ಬಿಟ್ಟು ಹತ್ತಿಕುಣಿಗೆ ಹೋದ."

ಸೌಭಾಗ್ಯ ಮತ್ತೆ ಕೇಳಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, ಶರೀಫಾಬೀಯ ಕೈ ಹಿಡಿದು, ಬರುತ್ತೇನೆಂದು ಹೊರಟಳು.

ನಾಲ್ಕನೆಯ ದಿನ ಮುಂಜಾನೆ ಯಾಕೂಬಸಾಬ ಶಹಾಪುರಕ್ಕೆ ಬಂದು ಸೌಭಾಗ್ಯಳ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಯಾವ ಸಾಮಾನೂ ಇರಲಿಲ್ಲ.

"ಬರೇ ನೋಡಿ ಹೋಗ್ತೀನಿ."

ಬಸವಕುಮಾರ ಒಳಗಿನಿಂದ ಕೈ ಊರಿ ಸರಿದು ಬಂದು, ತಂತಿಯ ಸುರುಳಿ ಬಿಚ್ಚಿ ತೋರಿಸಿದ. ಇಷ್ಟು ಬಿಸಿ, ಇಷ್ಟು ಕರೆಂಟು, ಇಲ್ಲಿ ಸ್ವಿಚ್ಚು ಎಂದು ಕಣ್ಣರಳಿಸಿ ವಿವರಿಸಿದ. ಯಾಕೂಬಸಾಬ ಅವನ ಕಾಲುಗಳನ್ನೇ ನೋಡುತ್ತಿದ್ದರು.

"ತಮ್ಮಾ, ನಿನಗ ಕಾಲಾಗ ಬಿಸಿ ತಿಳಿತದೇನು?"

"ಇಲ್ರಿ."

"ಹಂಗಾರ ನೆಲ ಕಾದು ಚರ್ಮ ಸುಟ್ರ ನಿನಗ ಹೇಳಾವ್ರು ಯಾರು?"

ಬಸವಕುಮಾರನ ಮುಖ ಬಿಗಿಯಿತು. ಇಪ್ಪತ್ತು ವರ್ಷ ಕರೆಂಟಿನ ಕೆಲಸ ಮಾಡಿದವನಿಗೆ ಒಬ್ಬ ಟೈಲ್ಸ್ ಮಿಸ್ತ್ರಿ ಈ ಮಾತು ಕೇಳಿದ್ದ. ಆಮೇಲೆ ಅವನು ತಲೆ ತಗ್ಗಿಸಿದ. ನೆಲದ ಬಿಸಿ ಅಳೆದು ತಾನಾಗಿಯೇ ಬಂದ್ ಮಾಡುವ ಡಬ್ಬಿ ಇತ್ತು. ಆದರೆ ಅದನ್ನು ಎಷ್ಟಕ್ಕೆ ನಿಲ್ಲಿಸಬೇಕೆಂದು ಅವನು ತನ್ನ ಅಂದಾಜಿನ ಮೇಲೆಯೇ ಬಿಟ್ಟಿದ್ದ. "ಕಡಿಮಿ ಇಡೂಣ್ರಿ. ದಿನಾ ಸೌಭಾಗ್ಯನೇ ಅಂಗೈ ಹಚ್ಚಿ ನೋಡ್ಲಿ" ಎಂದ.

ಯಾಕೂಬಸಾಬ ಬಗ್ಗಿ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನಾ ಮಾಡ್ತೀನಿ. ಆದ್ರ ಟೈಲ್ಸ್ ಕೂಡಿಸೂಕಿಂತ ಮೊದಲ ಒಮ್ಮಿ, ಸಂಜಿಗೆ ಒಮ್ಮಿ ನೀ ತಂತಿಗೆ ಮೀಟರ್ ಹಚ್ಚಿ ಎಲ್ಲೂ ತುಂಡಾಗಿಲ್ಲ ಅಂತ ದಿನಾ ನೋಡಬೇಕು. ನನ್ನ ಕಣ್ಮುಂದ."

ಕೆಲಸ ಸುರುವಾಯಿತು. ಅವರು ತಂತಿಯ ಎಳೆಗಳ ನಡುವೆ ಹಲಗೆ ಇಟ್ಟು ಅದರ ಮೇಲೆ ಕೂತು, ಅಂಟನ್ನು ಹದವಾಗಿ ಹಚ್ಚಿ, ಒಂದೊಂದೇ ಟೈಲ್ಸನ್ನು ಅಂಗೈಯಿಂದ ಒತ್ತಿ ಕೂರಿಸಿದರು. ಮೊದಲ ದಿನ ಮುಂಜಾನೆ ಮೀಟರು ನಲವತ್ತೆಂಟು ಓಮ್ ತೋರಿಸಿತ್ತು, ಸಂಜೆಗೂ ನಲವತ್ತೆಂಟು.

ಎರಡನೆಯ ದಿನ ಸಂಜೆ ಬಸವಕುಮಾರ ಮೀಟರು ಹಚ್ಚಿದ. ಅಂಕಿ ಬರಲಿಲ್ಲ. ಬ್ಯಾಟರಿ ಬದಲಿಸಿ ಮತ್ತೆ ಹಚ್ಚಿದ. ಬರಲಿಲ್ಲ. ತಂತಿ ಎಲ್ಲೋ ತುಂಡಾಗಿತ್ತು.

"ಕಂಪನಿ ಮಾಲೇ ಹಂಗ ಬಂದಿರಬೇಕ್ರಿ" ಎಂದು ಬಸವಕುಮಾರ ಅಂದ. ಮುದುಕನ ಮುಖ ನೋಡಿ ಅಂದ ಮಾತು ಅದು.

"ಮುಂಜಾನಿ ಛಲೋ ಇತ್ತಲ್ಲ, ತಮ್ಮಾ."

ಅಂಟು ಇನ್ನೂ ಪೂರ್ತಿ ಬಿಗಿದಿರಲಿಲ್ಲ. ಯಾಕೂಬಸಾಬ ಆ ದಿನ ಕೂರಿಸಿದ ಟೈಲ್ಸುಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದರು. ಸೌಭಾಗ್ಯ ಒದ್ದೆ ಅರಿವೆಯಿಂದ ತಂತಿ ಒರೆಸುತ್ತ ಹೋದಳು. ಹನ್ನೊಂದನೆಯ ಟೈಲ್ಸ್ ತೆಗೆದಾಗ ಗಾಯ ಕಂಡಿತು. ಎರಡು ಟೈಲ್ಸ್ ಕೂಡುವ ಸಂದಿಯ ಕೆಳಗೇ ತಂತಿ ನೆಟ್ಟಗೆ ಕೊಯ್ದುಹೋಗಿತ್ತು. ಸಂದಿಯಲ್ಲಿ ಉಕ್ಕಿದ ಅಂಟನ್ನು ಅವರು ಚಾಕುವಿನ ತುದಿಯಿಂದ ಕೆರೆದು ತೆಗೆಯುತ್ತಿದ್ದರು. ನಲವತ್ತು ವರ್ಷದಿಂದ ಹಾಗೆಯೇ ಮಾಡುತ್ತ ಬಂದಿದ್ದರು.

"ನನ್ನ ಕೈಲೇ ಆಗ್ಯಾದ" ಎಂದರು. "ನನಗ ಗೊತ್ತೇ ಆಗ್ಲಿಲ್ಲ."

"ಇರ್ಲಿ ಬಿಡ್ರಿ ಸಾಬ್ರ. ಜೋಡಿಸಾಕ ಬರ್ತದ. ಅರ್ಧ ತಾಸಿನ ಕೆಲಸ" ಎಂದ ಬಸವಕುಮಾರ.

ಯಾಕೂಬಸಾಬ ಚಾಕು ಕೈಗೆತ್ತಿಕೊಂಡರು. ಚಾಕುವನ್ನು ತಿರುವಿ ಮುರುವಿ ನೋಡಿದರು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟರು.

"ಆ ಬಚ್ಚಲದಾಗೂ ನಾನೇ ಸಂದಿ ಕೆರ್ದಿದ್ದೆ. ಪೈಪಿಗೆ ಗೋಡೆ ಕೊಯ್ದಾಂವನೂ ನಾನೇ. ನನ್ನ ಕೈ ತಪ್ಪೂದಿಲ್ಲ ಅಂತ ಏಳು ವರ್ಷ ಹೇಳ್ಕೋತ ಬಂದೆ."

ಸೌಭಾಗ್ಯ ಅರಿವೆ ಕೆಳಗಿಟ್ಟು ಎದ್ದಳು. ನೀರು ತಂದುಕೊಟ್ಟಳು. ಅವರು ಕುಡಿಯದೆ ಲೋಟ ಹಿಡಿದುಕೊಂಡೇ ಕೂತರು. ಬಸವಕುಮಾರ ಸರಿದು ಬಂದು ಅವರ ಪಕ್ಕದಲ್ಲಿ ಗೋಡೆಗೆ ಒರಗಿ ಕೂತ. ಹೊತ್ತು ಮುಳುಗುವ ತನಕ ಇಬ್ಬರೂ ಅಲ್ಲೇ ಕೂತಿದ್ದರು.

ಮರುದಿನ ತಂತಿ ಜೋಡಿಸಿದರು. ಚಾಕು ಬಿಟ್ಟು ಕಟ್ಟಿಗೆಯ ಚೂರಿನಿಂದ ಸಂದಿ ಕೆರೆದು ಯಾಕೂಬಸಾಬ ಉಳಿದ ನೆಲ ಮುಗಿಸಿದರು. ಅಂಟು ಪೂರ್ತಿ ಒಣಗಲು ಮೂರು ವಾರ ಬಿಟ್ಟು, ಜನವರಿಯ ಒಂದು ಮುಂಜಾನೆ ಸ್ವಿಚ್ಚು ಒತ್ತಿದರು. ತಾಸಿನೊಳಗೆ ನೆಲ ಎಳೆಬಿಸಿಲು ಬಿದ್ದಷ್ಟು ಬೆಚ್ಚಗಾಯಿತು. ಬಸವಕುಮಾರ ಈ ಗೋಡೆಯಿಂದ ಆ ಗೋಡೆಗೆ ಸರಿದು ಹೋದ. ಕಾಲು ಸೆಟೆಯಲಿಲ್ಲ. ಸೌಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಅವಳು ಹೊರಗೆ ಬಂದಾಗ ಯಾಕೂಬಸಾಬ ಚಪ್ಪಲಿ ಮೆಟ್ಟಿ ನಿಂತಿದ್ದರು. "ಟೀಚರ, ನಂದೊಂದು ಕೆಲಸ ಅದ. ಹತ್ತಿಕುಣಿಗೆ ಹೋಗಬೇಕು. ಒಬ್ನ ಹೋಗಾಕ ಧೈರ್ಯ ಆಗವಲ್ದು."

ಇಬ್ಬರೂ ಅಂದೇ ಹೋದರು. ದುರಗಪ್ಪ ಕೆರೆಯ ಕೆಳಗಿನ ಹೊಲದಲ್ಲಿ ಶೇಂಗಾಕ್ಕೆ ನೀರು ಬಿಡುತ್ತಿದ್ದ. ಯಾಕೂಬಸಾಬರನ್ನು ಕಂಡು ಸನಿಕೆ ಕೈಯಲ್ಲಿ ಹಿಡಿದೇ ನಿಂತ. ಮುದುಕ ಬದುವಿನ ಮೇಲೆ ನಿಂತು ಎಲ್ಲ ಹೇಳಿದರು. ಶಹಾಪುರದ ತಂತಿ, ಚಾಕು, ಕೈಗೆ ತಿಳಿಯದೇ ಹೋದದ್ದು. "ಆ ಗಾಯ ನಂದೇ ಇರಬೇಕು, ದುರಗಪ್ಪ. ನಿಂದಲ್ಲ."

ದುರಗಪ್ಪ ಸನಿಕೆಯನ್ನು ಮಣ್ಣಿಗೆ ಊರಿದ.

"ನಂದೇ ಇರಬೇಕಂತ ನಾನೂ ತಿಳ್ದಿದ್ದೆ, ಸಾಬ್ರ" ಎಂದ. "ಎಷ್ಟು ಸಲ ಆ ಗ್ವಾಡಿ ನೆನಸೀನಿ. ಎಲ್ಲಿ ತಪ್ಪಿದೆ ಅಂತ."

"ಈಗ ಯಾರಿಗೂ ಗೊತ್ತಾಗೂದಿಲ್ಲ."

"ಹೌದ್ರಿ. ಗೊತ್ತಾಗೂದಿಲ್ಲ."

ಅವನು ನೀರಿನ ಹರಿಗೆ ಮಣ್ಣು ಕಟ್ಟಿ, ಕಾಲು ತೊಳೆದುಕೊಂಡು ಬಂದ. "ಮಾಫ್ ಮಾಡೂದು ನನಗ ಇವತ್ತ ಆಗೂದಿಲ್ಲ. ಆದ್ರ ಮನಿಗೆ ಬರ್ರಿ. ನನ್ನ ಮಗಳ ಮುಂದ ಇದನ್ನೇ ಹೇಳ್ರಿ. ನಿಮ್ಮಪ್ಪ ಒಂದು ಜೀವ ತೆಗ್ದಾನ ಅಂತ ಮಂದಿ ಬಾಯಾಗ ಕೇಳಿ ಬೆಳದಾಳ."

"ಹೇಳ್ತೀನಿ" ಎಂದರು ಯಾಕೂಬಸಾಬ.

ಬದುವು ಇಕ್ಕಟ್ಟಾಗಿತ್ತು. ದುರಗಪ್ಪ ಮುಂದೆ ನಡೆದ. ಮುದುಕ ಹಿಂದೆ, ಅವರ ಹಿಂದೆ ಸೌಭಾಗ್ಯ. ಮನೆಯ ಮುಂದೆ ಹದಿನೇಳರ ಹುಡುಗಿಯೊಬ್ಬಳು ಅಕ್ಕಿ ಹಸನು ಮಾಡುತ್ತಿದ್ದಳು. ಬಂದವರನ್ನು ಕಂಡು ಮೊರ ಬದಿಗಿಟ್ಟು ಎದ್ದಳು. ಯಾಕೂಬಸಾಬ ತಲೆಯ ಟೋಪಿ ಸರಿಮಾಡಿಕೊಂಡು, ಅವಳ ಎದುರಿಗೆ ಕೂತು, ಮೊದಲಿನಿಂದ ಹೇಳತೊಡಗಿದರು.