ಹೂಂಗುಟ್ಟುವವರು

"ಅಜ್ಜಿ, ನಿನ್ ದಮ್ಮಯ್ಯ, ಬಾಯ್ ಮಾತ್ರ ಬುಡ್ಬ್ಯಾಡ. ಬ್ಯಾಲೆ ಕುಣಿತ್ದಲ್ಲಿ ಮಾತಿರಲ್ಲ, ನೋಡೋರೂ ಮಾತಾಡಂಗಿಲ್ಲ" ಎಂದು ಆಣೆ ಹಾಕಿಸಿಕೊಂಡು ಶ್ರೀಲತಾ ಪರದೆಯ ಹಿಂದೆ ಹೋದಳು. ಮಧುಗಿರಿಯ ಆ ಸಭಾಂಗಣದ ಮೊದಲ ಸಾಲಿನಲ್ಲಿ ಅಜ್ಜಿ ದೊಡ್ಡಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕೂತಳು.

ಕತೆ ಅವಳು ಹೇಳುತ್ತಿದ್ದದ್ದೇ. ಕಾಗೆಯ ಮನೆ ಮಳೆಗೆ ಕೊಚ್ಚಿಹೋಗಿ, ಅದು ಗುಬ್ಬಿಯ ಬಾಗಿಲು ತಟ್ಟುವ ಕತೆ. ಅವಳ ಊರು ಕಳ್ಳಂಬೆಳ್ಳದಲ್ಲಿ ಅದನ್ನು ಕೇಳದೆ ಬೆಳೆದ ಮಕ್ಕಳಿಲ್ಲ. ಮೊಮ್ಮಗಳಂತೂ ಅಜ್ಜಿಯ ಮಡಿಲಲ್ಲಿ ಬಿದ್ದುಕೊಂಡು ಮಾತುಮಾತಿಗೂ "ಹೂಂ" ಅನ್ನುತ್ತಲೇ ದೊಡ್ಡವಳಾದಳು. ಹೂಂಗುಟ್ಟುವುದು ನಿಂತರೆ ದೊಡ್ಡಕ್ಕನ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಅದನ್ನೀಗ ಡ್ಯಾನ್ಸ್ ಮೇಡಮ್ಮು ಭವ್ಯ ಹೊಸ ಕಾಲದ ಬ್ಯಾಲೆ ಮಾಡಿದ್ದರು. "ಕೊನೆ ಒಂಚೂರು ಬದಲಾಯಿಸಿದೀನಿ, ಬೇಜಾರು ಮಾಡ್ಕೋಬೇಡಿ ಅಜ್ಜಿ" ಎಂದೂ ಹೇಳಿದ್ದರು.

ಒಂಚೂರಂತೆ! ಕೊಕ್ಕಿಲ್ಲ, ರೆಕ್ಕೆಯಿಲ್ಲ, ಕರಿ ಪ್ಯಾಂಟಿನ ಹುಡುಗಿಯರು ನೆಲದ ಮೇಲೆ ಉರುಳಾಡುತ್ತಿದ್ದರು. ಇವರು ಮಳೆಯೋ, ಮನೆಯೋ? ದೊಡ್ಡಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ಪಕ್ಕದ ಮನೆ ಗಂಗಲಕ್ಷ್ಮಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು: "ಇವ್ರಿಗೆಲ್ಲ ಮೈಮೇಲ್ ಬಂದೈತಾ ಹೆಂಗೆ?"

ಕಾಗೆಯಾದ ಶ್ರೀಲತಾ ಇಲ್ಲದ ಬಾಗಿಲ ಮುಂದೆ ಬಂದು ಕೈಯೆತ್ತಿದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ರಂಗದ ಮೂಲೆಯಲ್ಲಿದ್ದ ತಮಟೆಯವನು ಬಾರಿಸಲು ಆ ಕೈ ಬೀಳಲೆಂದು ಕಾದ. ಇದೂ ಕುಣಿತವೇ ಇರಬೇಕೆಂದು ಜನ ಸುಮ್ಮನೆ ನೋಡಿದರು. ಇರಬಹುದೇನೋ, ಯಾರಿಗೆ ಗೊತ್ತು? ಆದರೆ ಮೊಮ್ಮಗಳ ಕೆಳತುಟಿ ಅದುರುತ್ತಿತ್ತು. ಒಂದನೇ ಕ್ಲಾಸಿನಲ್ಲಿ ಮಗ್ಗಿ ಮರೆತಾಗಲೂ ಹೀಗೇ ಅದುರಿತ್ತು. ಅಯ್ಯೋ, ನನ್ನ ಕಂದ ಮರೆತು ನಿಂತಿದೆ! ಪರದೆಯ ಪಕ್ಕದಿಂದ ಭವ್ಯ ಕೈಸನ್ನೆ ಮಾಡಿದರೂ ಹುಡುಗಿ ಅತ್ತ ನೋಡಲಿಲ್ಲ.

ತಾನು ಬಾಯಿ ಬಿಟ್ಟರೆ ಹುಡುಗಿಯ ಮಾನ ಹೋಗುತ್ತೆ, ಬಿಡದಿದ್ದರೆ ಅಲ್ಲೇ ಅತ್ತುಬಿಡುತ್ತೆ. ದೊಡ್ಡಕ್ಕನ ಬಾಯಿಂದ ಸೆರಗು ಜಾರಿತು.

"ಹೂಂ" ಅಂದಳು.

ಹಾಲ್ ತುಂಬ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು. ಶ್ರೀಲತಾ ಬೆಚ್ಚಿ ಇತ್ತ ನೋಡಿದಳು. ಆಮೇಲೆ ಕೈ ಇಳಿದು ಗಾಳಿಯನ್ನು ತಟ್ಟಿತು, ಹಿಂದೆಯೇ ತಮಟೆ ಬಂತು. ಮತ್ತೆ ಕೈಯೆತ್ತಿ ನಿಂತಳು.

"ಹೂಂ ಕಣಮ್ಮ" ಎಂದು ಗಂಗಲಕ್ಷ್ಮಮ್ಮನೂ ದನಿಗೂಡಿಸಿದಳು. ಮೂರನೆಯ ಸಲ ಹಿಂದಿನ ಸಾಲಿನ ಹೆಂಗಸರೂ ಸೇರಿದರು.

ತಟ್ಟಿ ತಟ್ಟಿ ಸಾಕಾದ ಕಾಗೆ ಬಾಗಿಲಿಗೆ ಬೆನ್ನು ತಿರುಗಿಸಿ, ಒಂದೊಂದೇ ಹೆಜ್ಜೆ ಇಡುತ್ತ ಹೊರಟಿತು. ದೊಡ್ಡಕ್ಕನ ಕತೆಯಲ್ಲಿ ಇದಿರಲೇ ಇಲ್ಲ. ಎಲ್ಲಿಗೆ ಹೊರಟಿತೋ, ಮುಂದೇನು ಗತಿಯೋ ಅವಳಿಗೆ ಗೊತ್ತಿರಲಿಲ್ಲ. ಕುರ್ಚಿಯ ತುದಿಗೆ ಸರಿದು ಕೂತಳು.

"ಹೂಂ" ಅಂದಳು ಮೆಲ್ಲಗೆ. "ಆಮೇಲೆ?"