ಮೇಸ್ತ್ರಿ ಕಚ್ಚಿದ ದಾರ

ಗಾರೆ ಮೇಸ್ತ್ರಿಯ ಮುಂದಿನ ಹಲ್ಲು ಅಲ್ಲಾಡುತ್ತಿದೆ ಎಂಬ ಸುದ್ದಿ ಇಡೀ ಬೀದಿಗೆ ಗೊತ್ತಾಗಿತ್ತು. ಗೊತ್ತು ಮಾಡಿಸಿದವನೂ ಮೇಸ್ತ್ರಿಯೇ! ಕೆಲಸದಲ್ಲಿ ಬಿದ್ದು ಆ ಜಾಗದ ಹಲ್ಲು ಕಳೆದುಕೊಂಡಿದ್ದ ಅವನಿಗೆ ಐದು ವಾರದ ಹಿಂದೆ ಡಾಕ್ಟರಮ್ಮ ದವಡೆಯ ಮೂಳೆಗೆ ಪುಟ್ಟ ಸ್ಕ್ರೂ, ಅಂದರೆ ಇಂಪ್ಲಾಂಟ್, ಕೂರಿಸಿ, ಚಂದಕ್ಕೆಂದು ಮೇಲೊಂದು ತಾತ್ಕಾಲಿಕ ಹಲ್ಲು ಇಟ್ಟಿದ್ದರು.

"ಸ್ಕ್ರೂನೇ ಸರಿಯಿಲ್ಲ ಕಣ್ರೀ. ಹಾಕೋಕೆ ಮುಂಚೆ ನಾನೇ ನೋಡಿದ್ದೆ, ಮೈಯೆಲ್ಲ ತರಿತರಿ. ಹಳೇ ಮಾಲು ಕೊಟ್ಟು ಟೋಪಿ ಹಾಕಿದ್ರು" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಪಕ್ಕದ ಮನೆಯ ನರ್ಸಮ್ಮ ಆ ಡಾಕ್ಟರಮ್ಮನ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದಳು. ಒಂದು ಬೆಳಗ್ಗೆ ಸೀದಾ ಅವನ ಬಾಗಿಲಿಗೆ ಬಂದಳು.

"ಮೇಸ್ತ್ರಿ ಅಣ್ಣ, ನಿಮ್ಮ ಮಾತು ಕೇಳಿ ಮೂರು ಜನ ಹೆದರಿ ಆಸ್ಪತ್ರೆಯಿಂದ ವಾಪಸ್ ಹೋದ್ರು. ಹಲ್ಲು ಅಲ್ಲಾಡಿದ್ರೆ ಡಾಕ್ಟರಿಗೆ ತೋರಿಸಬೇಕೋ, ಬೀದಿಗೆ ತೋರಿಸಬೇಕೋ?"

"ತರಿತರಿ ಇದ್ದದ್ದು ಸುಳ್ಳಾ?"

"ನಿಜಾನೇ. ಬೇಕು ಅಂತಲೇ ಹಾಗೆ ಮಾಡಿರ್ತಾರೆ. ನುಣ್ಣಗಿರೋ ಕಾಂಕ್ರೀಟ್ ಕಂಬಕ್ಕೆ ಗಾರೆ ಬಳಿಯೋಕೆ ಮುಂಚೆ ನೀವೇನು ಮಾಡ್ತೀರಿ?"

"ಉಳಿಯಲ್ಲಿ ಕೊಚ್ಚಿ ಒರಟು ಮಾಡ್ತೀನಿ. ಇಲ್ಲಾಂದ್ರೆ ಗಾರೆ ಹಿಡಿಯುತ್ತಾ?"

"ಇದೂ ಹಾಗೇ. ಒರಟು ಮೈಗೆ ರಕ್ತ ಅಂಟಿಕೊಂಡು, ಅದರ ಮೇಲೆ ಹೊಸ ಮೂಳೆ ಬೆಳೆಯತ್ತೆ. ಸ್ಕ್ರೂವಿನ ಸುತ್ತುಗಳು ಮೊದಲ ದಿನ ಗಟ್ಟಿಯಾಗಿ ಹಿಡಿದಿಡ್ತವೆ. ಆಮೇಲೆ ಹಳೇ ಮೂಳೆ ಸವೆದು ಹೊಸದು ಬರೋವರೆಗೆ, ಒಂದಷ್ಟು ವಾರ, ಆ ಹಿಡಿತ ಕಮ್ಮಿಯಾಗತ್ತೆ. ಆಗ ಅಲ್ಲಾಡಿಸಿದ್ರೆ ಮೂಳೆ ಬದಲು ಮೆತ್ತನೆ ನಾರು ಬೆಳೆಯತ್ತೆ. ಅದಕ್ಕೇ ಆ ಹಲ್ಲಲ್ಲಿ ಮೂರು ತಿಂಗಳು ಏನೂ ಕಚ್ಚಬೇಡಿ ಅಂದಿದ್ದು. ಕಚ್ಚಿದ್ರಾ?"

"ಅಯ್ಯೋ, ಅನ್ನಾನೂ ಕಿವುಚಿಕೊಂಡು ತಿಂತಿದೀನಿ ಕಣಮ್ಮ!"

ಒಳಗಿನಿಂದ ಹೆಂಡತಿ ಬಂದಳು. "ತಿನ್ನೋದು ಬಿಡಿ. ಗೋಡೆ ಕಟ್ಟುವಾಗ ಸಾಲು ನೇರ ಬರಲಿ ಅಂತ ಲೈನ್ ದಾರ ಹಲ್ಲಲ್ಲಿ ಕಚ್ಚಿ ಎಳೀತೀರಲ್ಲ, ಅದು?"

ಮೇಸ್ತ್ರಿಯ ಕೈ ಬಾಯಿಗೆ ಅಡ್ಡ ಹೋಯಿತು. ಮೂರನೇ ವಾರದಲ್ಲೇ ಅದು ನಡೆದಿತ್ತು. ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಇಟ್ಟಿಗೆ. ದಾರದ ತುದಿ ತಾನಾಗಿ ಬಾಯಿಗೆ ಹೋಗಿತ್ತು. ಜಗ್ಗಿದಾಗ ಒಸಡಿನೊಳಗೆ ಚುರುಕ್ ಎಂದಿತ್ತು. ಗೊತ್ತಿದ್ದೂ ತಪ್ಪನ್ನು ಡಾಕ್ಟರಮ್ಮನ ತಲೆಗೆ ಕಟ್ಟಿದ್ದ. ತಾರಸಿಗೆ ಕಾಂಕ್ರೀಟ್ ಮೋಲ್ಡ್ ಹಾಕಿದ ವಾರಕ್ಕೇ ಹಟ ಹಿಡಿದು, ಅದನ್ನು ಹೊತ್ತ ಸೆಂಟ್ರಿಂಗ್ ಹಲಗೆ ಬಿಚ್ಚಿಸಿ, ಬಿರುಕು ಬಿಟ್ಟ ಮೇಲೆ "ಮೇಸ್ತ್ರಿ ಕಳಪೆ ಕೆಲಸ ಮಾಡಿದ" ಎನ್ನುವ ಮನೆ ಮಾಲೀಕರನ್ನು ಅವನು ಎಷ್ಟು ಬೈದಿದ್ದನೋ! ಈಗ ತಾನು ಮಾಡಿದ್ದೂ ಅದೇ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಹೆಂಡತಿಯ ಕಡೆ ನೋಡಲಾಗಲಿಲ್ಲ.

"ಈಗ ಯಾವ ಮುಖ ಇಟ್ಕೊಂಡು ಅಲ್ಲಿಗೆ ಹೋಗಲಿ?"

"ಇರೋ ಮುಖಾನೇ ಇಟ್ಕೊಂಡು ಬನ್ನಿ" ಎಂದಳು ನರ್ಸಮ್ಮ. "ತಡ ಮಾಡಿದಷ್ಟೂ ಸುತ್ತಲಿನ ಮೂಳೆ ಕರಗತ್ತೆ. ಆಮೇಲೆ ಇನ್ನೊಂದು ಕೂರಿಸೋಕೆ ಜಾಗಾನೇ ಉಳಿಯಲ್ಲ."

"ಏಳಿ, ನಾನೂ ಬರ್ತೀನಿ" ಎಂದಳು ಹೆಂಡತಿ.

ಡಾಕ್ಟರಮ್ಮ ಪರೀಕ್ಷಿಸಿ, "ಇದನ್ನ ತೆಗೀಲೇಬೇಕು" ಎಂದರು.

ಮೇಸ್ತ್ರಿ ತಲೆ ತಗ್ಗಿಸಿದ. "ಸ್ಕ್ರೂದು ತಪ್ಪಿಲ್ಲ ಅಮ್ಮ. ನಾನೇ ದಾರ ಕಚ್ಚಿ ಎಳೆದೆ. ನೀವು ಬೇಡ ಅಂದ್ರೂ ಬೀಡೀನೂ ಸೇದಿದೆ." ಬೀಡಿಯ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ. ಅವಳು ಹಣೆ ಚಚ್ಚಿಕೊಂಡಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿ ಎನ್ನಿಸಿತು ಅವನಿಗೆ.

"ಬೀಡಿ ಸೇದಿದ್ರೆ ಗಾಯಕ್ಕೆ ರಕ್ತ ಸರಿಯಾಗಿ ಬರಲ್ಲ. ಆಗ ಎಂಥ ಒಳ್ಳೇ ಸ್ಕ್ರೂ ಹಾಕಿದ್ರೂ ಮೂಳೆ ಹಿಡಿಯೋದು ಕಷ್ಟ. ಸದ್ಯ ಮೂಳೆ ಇನ್ನೂ ಉಳಿದಿದೆ. ಗಾಯ ಮಾಗಲಿ, ಮೂಳೆ ಅಳತೆ ನೋಡಿ, ಅದಕ್ಕೆ ಹೊಂದೋ ಉದ್ದ ದಪ್ಪದ್ದು ಹಾಕೋಣ."

ಸ್ಕ್ರೂ ತೆಗೆಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಬಂದಾಗ ಬೆಂಚಿನ ಮೇಲೆ ಏಳೆಂಟು ಜನ ಕುಳಿತಿದ್ದರು. ಒಬ್ಬ ಮುದುಕಿ ಅವನನ್ನು ತಡೆದು, "ಏನಪ್ಪಾ, ಇಲ್ಲಿ ಹಳೇ ಸ್ಕ್ರೂ ಹಾಕ್ತಾರಂತಲ್ಲ, ನಿಜವಾ?" ಎಂದು ಕೇಳಿದಳು.

ಮೇಸ್ತ್ರಿ ಹತ್ತಿ ತೆಗೆದ. ಮುಂದಿನ ಹಲ್ಲಿಲ್ಲದ ಬಾಯಿ ಎಲ್ಲರಿಗೂ ಕಂಡಿತು. "ಹಾಗಂತ ಸುಳ್ಳು ಹೇಳಿದವನು ನಾನೇ ಅಜ್ಜಿ. ಹಾಳು ಮಾಡಿಕೊಂಡವನೂ ನಾನೇ" ಎಂದ.

ಅಕ್ಕ, ಅಣ್ಣ, ಇಂಪ್ಲಾಂಟ್ ಹಾಕಿಸಿಕೊಳ್ಳುವವರು ನೀವಾದರೆ, ಅದು ಎಂಥದ್ದು, ಎಷ್ಟು ದಿನ ಕಾಯಬೇಕು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಹೇಳಿದಷ್ಟು ದಿನ ಆ ಹಲ್ಲಿಗೆ ಕೆಲಸ ಕೊಡಬೇಡಿ, ಬೀಡಿ ಸಿಗರೇಟು ಮುಟ್ಟಬೇಡಿ. ತಪ್ಪಾಗಿ ಹೋಗಿದ್ದರೆ ಇವತ್ತೇ ಹೋಗಿ ಹೇಳಿಬಿಡಿ. ನಾಚಿಕೆ ನಾಲ್ಕು ದಿನಕ್ಕೆ ಹೋಗುತ್ತದೆ; ಕರಗಿದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ.