ಡಾಕ್ಟರು ಕೇಳಿದ ಸಂಸಾರ

"ಸಂಸಾರ ಹೇಗೆ ನಡೀತಿದೆ?" ಎಂದು ಡಾಕ್ಟರು ಕೇಳಿದಾಗ ಹಾಸಿಗೆ ಹೊಲಿಯುವ, ಬೀದಿಯವರೆಲ್ಲ 'ಹಾಸಿಗೆ ಮಾಮ' ಎಂದೇ ಕರೆಯುವ ಅವನಿಗೆ ಅರ್ಥವಾಗಲಿಲ್ಲವೆಂದಲ್ಲ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಗಿ ಎಷ್ಟೋ ತಿಂಗಳಾದರೂ ಆ ಮಾತು ಅವರಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ.

"ಚೆನ್ನಾಗಿದೆ ಡಾಕ್ಟ್ರೇ. ಮಗಳು ಆಗಾಗ ಬಂದು ಹೋಗ್ತಾಳೆ. ವ್ಯಾಪಾರಾನೂ ಪರವಾಗಿಲ್ಲ," ಎಂದ.

"ಆ ಸಂಸಾರ ಅಲ್ಲ ಯಜಮಾನ್ರೇ. ಗಂಡ ಹೆಂಡತಿ ಸಂಸಾರ. ಮಾತ್ರೆ ಇದೆ, ಬೇರೆ ದಾರೀನೂ ಇದೆ. ನಾಚ್ಕೋಬೇಡಿ."

"ಅದೂ ಚೆನ್ನಾಗಿದೆ," ಎಂದುಬಿಟ್ಟ. ಹೆಂಡತಿ ತಲೆ ಎತ್ತಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ.

ಎಂಥ ಹಸಿಸುಳ್ಳು! ಬೀದಿಯ ಹೊಸ ಜೋಡಿಗಳಿಗೆಲ್ಲ ಹತ್ತಿ ತುಂಬಿ ಅಗಲವಾದ ಹಾಸಿಗೆ ಹೊಲಿದುಕೊಟ್ಟವನು ಇವನು. ಯಾರಾದರೂ ಗಂಡ ಹೆಂಡತಿ ಬಂದು ಬೇರೆ ಬೇರೆ ಹಾಸಿಗೆ ಕೇಳಿದರೆ "ಏನ್ರಪ್ಪಾ, ಜಗಳಾನಾ?" ಎಂದು ಕಾಲೆಳೆಯುತ್ತಿದ್ದ. ಆಪರೇಷನ್ ಆದಮೇಲೆ ಕೆಮ್ಮಿದರೆ, ನಕ್ಕರೆ ಮೂತ್ರ ಸೋರತೊಡಗಿತು. ಗಂಡಸುತನದ ಸುದ್ದಿಯೇ ಇಲ್ಲ. ಆಗ ತನ್ನ ಕೈಯಾರೆ ಒಬ್ಬರು ಮಲಗುವಷ್ಟೇ ಅಗಲದ ಹಾಸಿಗೆ ಹೊಲಿದು, ರೆಕ್ಸಿನ್ ಹೊದಿಸಿ, ಬೆನ್ನುನೋವಿನ ನೆಪ ಹೇಳಿ ಹಿಂದಿನ ಕೋಣೆ ಸೇರಿಕೊಂಡ. ಹೆಂಡತಿ ಯಾಕೆಂದು ಕೇಳಲಿಲ್ಲ. ಅವಳಿಗೂ ಹೇಸಿಗೆಯಾಗಿರಬೇಕು ಎಂದುಕೊಂಡು ಇನ್ನಷ್ಟು ಕುಗ್ಗಿಹೋದ.

ಆಸ್ಪತ್ರೆಯಿಂದ ಮನೆಗೆ ಬಂದವನೇ ಆ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಬಿದ್ದುಕೊಂಡ. ಹೆಂಡತಿ ಬಾಗಿಲಲ್ಲಿ ನಿಂತಳು.

"ಡಾಕ್ಟ್ರ ಮುಂದೆ ನನ್ನ ಮರ್ಯಾದೆ ಉಳಿಸಿದ್ರಿ," ಎಂದಳು.

"ನಿನ್ನ ಮರ್ಯಾದೆನಾ?"

"ಇನ್ಯಾರದ್ದು? ಆಪರೇಷನ್ ಆದಾಗ ಆಸ್ಪತ್ರೇಲಿ ಮೂತ್ರದ ಚೀಲ ಖಾಲಿ ಮಾಡುವಾಗ ಒಂದ್ಸಲ ಮೂಗು ಮುಚ್ಕೊಂಡೆ. ನೀವು ನೋಡ್ಬಿಟ್ರಿ. ಅದಕ್ಕೇ ಅಲ್ವಾ ಹಾಸಿಗೆ ಬೇರೆ ಮಾಡಿದ್ದು? ತಪ್ಪಾಯ್ತು ಅನ್ನೋಕೂ ಮುಖ ಇಲ್ಲ ನಂಗೆ."

ಅವನು ನೋಡಿಯೇ ಇರಲಿಲ್ಲ, ಮಂಪರಿನಲ್ಲಿದ್ದ. ತನ್ನ ನಾಚಿಕೆಯನ್ನು ಮುಚ್ಚಿಡುವುದರಲ್ಲೇ ಮುಳುಗಿದ್ದವನಿಗೆ, ಗೋಡೆಯಾಚೆ ಇವಳೂ ಒಳಗೊಳಗೇ ಬೇಯುತ್ತಿದ್ದಾಳೆ ಎಂಬುದು ಹೊಳೆದಿರಲಿಲ್ಲ. ಕೆನ್ನೆಗೆ ಬಾರಿಸಿದಂತಾಯಿತು.

"ನಾನೇನೂ ನೋಡಿಲ್ಲ ಕಣೇ. ನಂದು ಸೋರತ್ತೆ. ಪಕ್ಕದಲ್ಲಿ ಮಲಗಿದ್ರೆ ನೀನೂ ಒದ್ದೆ ಆಗ್ತೀಯ. ಮತ್ತೆ... ಅದೂ ಆಗಲ್ಲ ನನ್ನ ಕೈಲಿ."

"ಅದಾಗದಿದ್ರೆ ಮುಟ್ಟೋದಕ್ಕೇನಾಗಿತ್ತು ರೀ? ಕೈಗೂ ಆಪರೇಷನ್ ಮಾಡಿದ್ರಾ?"

ಅಳು ಬರುವಂತಿದ್ದವನಿಗೆ ತಡೆಯಲಾರದ ನಗು ಬಂತು. ಅವಳು ಬಂದು ಆ ಇಕ್ಕಟ್ಟಿನಲ್ಲೇ ಜಾಗ ಮಾಡಿಕೊಂಡು, ಅವನನ್ನು ಬಳಸಿ ಮಲಗಿದಳು. ಅಷ್ಟರಲ್ಲಿ ಬೆಚ್ಚಗೆ ಸೋರಿಯೇಬಿಟ್ಟಿತು. ನಾಚಿಕೆಯಿಂದ ಅವನು ಹಿಡಿಯಾಗಿಹೋದ.

"ಏಳು, ಏಳೇ, ಒದ್ದೆ..."

"ಗೊತ್ತಾಯ್ತು," ಎಂದಳು. ಏಳಲಿಲ್ಲ.